ಪ್ಲಾಸ್ಟಿಕ್ ಯುದ್ಧವಿಮಾನ ಮಾದರಿಯ ಬಣ್ಣಗೆಲಸ

ಪ್ಲಾಸ್ಟಿಕ್ ಯುದ್ಧವಿಮಾನ ಮಾದರಿಯ ಬಣ್ಣಗೆಲಸವೆಂದರೆ, ನಿಜವಿಮಾನವನ್ನು ನಿಗದಿತ ಪ್ರಮಾಣಕ್ಕೆ ಇಳಿಸಿ ಪಾಲಿಸ್ಟೈರೀನ್ ಬಿಡಿಭಾಗಗಳಿಂದ ಜೋಡಿಸಿದ ಮಾದರಿಯ ಮೈಯನ್ನು ಹದಗೊಳಿಸಿ, ಬಣ್ಣ ಹಚ್ಚಿ, ಗುರುತುಗಳನ್ನು ಕೂರಿಸಿ, ಬಳಕೆಯ ಕುರುಹುಗಳನ್ನು ಮೂಡಿಸಿ, ಕೊನೆಯ ಲೇಪ ಕೊಟ್ಟು ಮುಗಿಸುವ ಕೈಗೆಲಸ. ಜೋಡಣೆ ಇದರ ಮೊದಲ ಹಂತ ಮಾತ್ರ. ಒಂದೇ ಅಚ್ಚಿನಲ್ಲಿ ತಯಾರಾದ ನೂರು ಕಿಟ್‌ಗಳು ನೂರು ಬೇರೆ ಬೇರೆ ವಿಮಾನಗಳಾಗುವುದು ಬಣ್ಣಗೆಲಸದಿಂದ. ಯಾವ ಸ್ಕ್ವಾಡ್ರನ್, ಯಾವ ವರ್ಷ, ಯಾವ ಸರಣಿ ಸಂಖ್ಯೆ ಎಂಬುದು ಅಲ್ಲಿ ನಿರ್ಧಾರವಾಗುತ್ತದೆ.

ಈ ಲೇಖನದಲ್ಲಿ 'ಕಿಟ್' ಎಂದರೆ ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳ ಕಟ್ಟು, 'ಪ್ರಮಾಣ' ಎಂದರೆ ನಿಜವಿಮಾನಕ್ಕೂ ಮಾದರಿಗೂ ಇರುವ ಅಳತೆಯ ಅನುಪಾತ, 'ಫಲಕರೇಖೆ' ಎಂದರೆ ವಿಮಾನದ ಹೊರಮೈಯ ಲೋಹದ ಹಾಳೆಗಳು ಸೇರುವ ಗೆರೆ, 'ಡೆಕಾಲ್' ಎಂದರೆ ನೀರಿನಲ್ಲಿ ನೆನೆಸಿ ಮೈಮೇಲೆ ಜಾರಿಸಿ ಕೂರಿಸುವ ತೆಳು ಗುರುತು ಎಂದು ತಿಳಿಯಬೇಕು.

ಹುಟ್ಟು ಮತ್ತು ಬೆಳವಣಿಗೆ

ಪ್ಲಾಸ್ಟಿಕ್‌ಗೆ ಮೊದಲು ವಿಮಾನದ ಮಾದರಿಗಳನ್ನು ಮರದಲ್ಲಿ ಕೆತ್ತುತ್ತಿದ್ದರು. ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲಿ 'ಪೆಂಗ್ವಿನ್' ಹೆಸರಿನಲ್ಲಿ ಸೆಲ್ಯುಲೋಸ್ ಅಸಿಟೇಟ್‌ನ ಕಿಟ್‌ಗಳನ್ನು ಮಾರುಕಟ್ಟೆಗೆ ತಂದಿತು. ಅವು 1/72 ಪ್ರಮಾಣದವು. ಒಂದು ಅಂಗುಲಕ್ಕೆ ಆರು ಅಡಿ ಎಂಬ ಸುಲಭ ಲೆಕ್ಕದಿಂದ ಬಂದ ಈ ಪ್ರಮಾಣ ಎರಡನೆಯ ಮಹಾಯುದ್ಧದಲ್ಲಿ ಇನ್ನಷ್ಟು ಬೇರುಬಿಟ್ಟಿತು. ಶತ್ರುವಿಮಾನವನ್ನು ಆಕಾರದಿಂದಲೇ ಗುರುತಿಸುವ ತರಬೇತಿಗೆ ಆಗ ಮಾಡಿದ ಮಾದರಿಗಳಿಗೆ ಬರೀ ಕಪ್ಪು ಬಣ್ಣವಿತ್ತು, ಏಕೆಂದರೆ ಆಕಾಶದ ಬೆಳಕಿನೆದುರು ವಿಮಾನ ಕಪ್ಪು ನೆರಳಾಗಿಯೇ ಕಾಣುತ್ತದೆ.

ಯುದ್ಧಾನಂತರ ಪಾಲಿಸ್ಟೈರೀನ್ ಬಂತು. ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿದರೆ ಕೂದಲೆಳೆಯಂಥ ವಿವರವನ್ನೂ ಹಿಡಿದಿಡುವ ಈ ಪ್ಲಾಸ್ಟಿಕ್, ಅಗ್ಗವೂ ಹೌದು. 1939ರಲ್ಲಿ ಶುರುವಾದ ಬ್ರಿಟನ್ನಿನ ಏರ್‌ಫಿಕ್ಸ್ 1953ರಲ್ಲಿ ಸ್ಪಿಟ್‌ಫೈರ್ ಕಿಟ್ ಹೊರತಂದ ಮೇಲೆ ಯುದ್ಧವಿಮಾನಗಳೇ ಈ ಹವ್ಯಾಸದ ಮುಖ್ಯ ವಸ್ತುವಾದವು. ಅಮೆರಿಕದ ರೆವೆಲ್ ಮತ್ತು ಮೊನೊಗ್ರಾಮ್, ಜಪಾನಿನ ಟಮಿಯಾ ಮತ್ತು ಹಸೆಗಾವಾ ಜೊತೆಗೂಡಿದವು. 1963ರಲ್ಲಿ ಬ್ರಿಟನ್ನಿನಲ್ಲಿ ಅಂತರರಾಷ್ಟ್ರೀಯ ಪ್ಲಾಸ್ಟಿಕ್ ಮಾದರಿಕಾರರ ಸಂಘ ಹುಟ್ಟಿತು. ಆರಂಭದ ದಶಕಗಳಲ್ಲಿ ಬಣ್ಣವೆಂದರೆ ಹಂಬ್ರಾಲ್‌ನ ಪುಟ್ಟ ಡಬ್ಬಿಯ ಎನಾಮೆಲ್, ಸಾಧನವೆಂದರೆ ಕುಂಚ. ಏರ್‌ಬ್ರಶ್ ಎಂಬ ಸಣ್ಣ ಸಿಂಪಡಣೆ ಲೇಖನಿ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಅಮೆರಿಕದಲ್ಲಿ ರೂಪುಗೊಂಡಿದ್ದರೂ ಫೋಟೋ ತಿದ್ದುವವರ ಮೇಜಿನಿಂದ ಮಾದರಿಕಾರರ ಮೇಜಿಗೆ ಬರಲು ಹಲವು ದಶಕ ಹಿಡಿಯಿತು.

ಬೆಂಗಳೂರು–ಹೊಸೂರು ಹಿನ್ನೆಲೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ ಭಾಗ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಗಡಿನಾಡು. 2004ರವರೆಗೆ ಇದು ಧರ್ಮಪುರಿ ಜಿಲ್ಲೆಯಲ್ಲಿತ್ತು. ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿ.ಮೀ. ದೂರ. ಹೀಗಾಗಿ ಇಲ್ಲಿನ ಮಾದರಿಕಾರನಿಗೆ ನಿಜವಿಮಾನವೂ ಹತ್ತಿರ, ನಿಜವಿಮಾನದ ಬಣ್ಣಗೆಲಸವೂ ಹತ್ತಿರ. ಈ ಹವ್ಯಾಸ ಇರುವ ಬೇರೆ ಬಹಳ ಊರುಗಳಿಗೆ ಈ ಅನುಕೂಲವಿಲ್ಲ.

ತಳಿ ರಸ್ತೆಯ ಬೆಳಗೊಂಡಪಳ್ಳಿಯಲ್ಲಿ ತನೇಜಾ ಏರೋಸ್ಪೇಸ್ ಅಂಡ್ ಏವಿಯೇಷನ್ ಕಂಪನಿಯ ಕಾರ್ಖಾನೆ ಮತ್ತು ಸುಮಾರು 2 ಕಿ.ಮೀ. ಉದ್ದದ ರನ್‌ವೇ ಇದೆ. ಇಟಲಿಯ ಪಾರ್ಟೆನಾವಿಯಾ ಸಂಸ್ಥೆಯ ಪರವಾನಗಿಯಡಿ ಪಿ-68ಸಿ ಎಂಬ ಎರಡು ಎಂಜಿನ್ನಿನ ಲಘುವಿಮಾನವನ್ನು ತಯಾರಿಸಿದ್ದು ಇಲ್ಲಿಯೇ. ಅದೇ ವಿಮಾನನೆಲೆಯಲ್ಲಿ ಏರ್ ವರ್ಕ್ಸ್ ಸಂಸ್ಥೆ ವಿಮಾನಗಳ ದುರಸ್ತಿ ಮತ್ತು ಬಣ್ಣಗೆಲಸ ನಡೆಸುತ್ತದೆ. ನೌಕಾಪಡೆಯ ಪಿ-8ಐ ವಿಮಾನಗಳ ದೊಡ್ಡ ತಪಾಸಣೆಗಳೂ ಹೊಸೂರಿನಲ್ಲಿ ನಡೆದಿವೆ. ಅಲ್ಲಿನ ಹ್ಯಾಂಗರಿನಲ್ಲಿ ಹಳೆಯ ಬಣ್ಣ ಕಿತ್ತು, ಮೈ ಉಜ್ಜಿ, ಪ್ರೈಮರ್ ಕೊಟ್ಟು, ಮರೆಗಟ್ಟಿ, ಬಣ್ಣ ಸಿಂಪಡಿಸಿ, ಅಕ್ಷರ ಕೂರಿಸುವ ಸರದಿ ಏನಿದೆಯೋ ಅಂಗೈಯಗಲದ ಮಾದರಿಯಲ್ಲೂ ಅದೇ ಸರದಿ.

ಯುದ್ಧವಿಮಾನಗಳ ಮಟ್ಟಿಗೆ ಆಕರವೆಂದರೆ ಬೆಂಗಳೂರಿನ ಎಚ್‌ಎಎಲ್. ಕರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕರ ಮುಂದಾಳ್ತನದಲ್ಲಿ ರೂಪುಗೊಂಡ ಎಚ್‌ಎಫ್-24 ಮರುತ್ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ತೇಜಸ್ 2001ರ ಜನವರಿ 4ರಂದು ಅಲ್ಲಿಯೇ ಹಾರಿತು. ಹಳೆಯ ವಿಮಾನನಿಲ್ದಾಣ ರಸ್ತೆಯಲ್ಲಿ 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮರುತ್, ಅಜೀತ್, ಕಿರಣ್ ವಿಮಾನಗಳನ್ನು ಕೈಯಳತೆಯ ದೂರದಿಂದ ನೋಡಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲೂ ಒಂದು ಮರುತ್ ನಿಂತಿದೆ. ಆದರೆ ಬಯಲಲ್ಲಿ ನಿಲ್ಲಿಸಿದ ವಿಮಾನಗಳಿಗೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಆ ಬಣ್ಣ ಸೇವೆಯಲ್ಲಿದ್ದಾಗಿನದೇ ಆಗಿರಬೇಕೆಂದಿಲ್ಲ. ಆಕಾರ, ರಿವೆಟ್, ಚಕ್ರದ ಗೂಡುಗಳಿಗೆ ಸಂಗ್ರಹಾಲಯದ ವಿಮಾನ ಒಳ್ಳೆಯ ಸಾಕ್ಷಿ. ಬಣ್ಣಕ್ಕೆ ಸೇವಾಕಾಲದ ಫೋಟೋಗಳೇ ಆಧಾರ.

ಪ್ರಮಾಣ ಮತ್ತು ಲೇಪದ ದಪ್ಪ

ಯುದ್ಧವಿಮಾನಗಳಿಗೆ 1/72, 1/48, 1/32 ಪ್ರಮಾಣಗಳು ಮುಖ್ಯ. ಜಾಗ ಕಡಿಮೆಯಿದ್ದವರಿಗೆ 1/144. ನಿಜದಲ್ಲಿ 13.2 ಮೀ. ಉದ್ದ, 8.2 ಮೀ. ರೆಕ್ಕೆಯಗಲವಿರುವ ತೇಜಸ್ 1/72ರಲ್ಲಿ 18.3 ಸೆಂ.ಮೀ. ಉದ್ದ, 11.4 ಸೆಂ.ಮೀ. ಅಗಲವಾಗುತ್ತದೆ. 1/48ರಲ್ಲಿ ಉದ್ದ 27.5 ಸೆಂ.ಮೀ. ಮರುತ್ ಇನ್ನೂ ಉದ್ದ. ಅದರ 15.87 ಮೀ. 1/72ರಲ್ಲಿ 22 ಸೆಂ.ಮೀ.ಗೆ ಇಳಿಯುತ್ತದೆ.

ಬಣ್ಣಗೆಲಸದ ಕಷ್ಟಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ. ವಿಮಾನ ಕುಗ್ಗುತ್ತದೆ, ಬಣ್ಣದ ದಪ್ಪ ಕುಗ್ಗುವುದಿಲ್ಲ. ನಿಜವಿಮಾನದಲ್ಲಿ 3 ಮಿ.ಮೀ. ಅಗಲದ ಫಲಕಸಂದು 1/72ರಲ್ಲಿ ಸುಮಾರು 0.04 ಮಿ.ಮೀ. ಆಗಬೇಕು. ಅಷ್ಟು ಸಣ್ಣ ಗೆರೆಯನ್ನು ಅಚ್ಚಿನಲ್ಲಿ ಕೊರೆಯಲಾಗದೆ ತಯಾರಕರು ಅದನ್ನು ಹಲವು ಪಟ್ಟು ಅಗಲಿಸಿಯೇ ಕೊಡುತ್ತಾರೆ. ಇನ್ನೊಂದು ಕಡೆ, ಮಾದರಿಯ ಮೇಲೆ 0.05 ಮಿ.ಮೀ. ದಪ್ಪ ಬಣ್ಣ ಕೂತರೆ ಅದು ನಿಜವಿಮಾನದ ಮೇಲೆ 3.6 ಮಿ.ಮೀ. ದಪ್ಪದ ಬಣ್ಣಕ್ಕೆ ಸಮ. ಹಾಗೆ ಬಳಿದ ವಿಮಾನ ಬಣ್ಣದಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಆದ್ದರಿಂದ ಮಾದರಿಕಾರನ ಮುಂದಿರುವ ಕೆಲಸ ಬಣ್ಣ ಹಚ್ಚುವುದಕ್ಕಿಂತ ಹೆಚ್ಚಾಗಿ, ಆದಷ್ಟು ಕಡಿಮೆ ಬಣ್ಣದಲ್ಲಿ ಮೈ ಮುಚ್ಚುವುದು.

ಬಣ್ಣದ ಗಾಢತೆಯೂ ಪ್ರಮಾಣಕ್ಕೆ ತಕ್ಕಂತೆ ಬದಲಾಗಬೇಕೆಂಬ ಮತವಿದೆ. ದೂರದ ಬೆಟ್ಟ ತಿಳಿಯಾಗಿ ಕಾಣುವಂತೆ ದೂರದ ವಿಮಾನದ ಬಣ್ಣವೂ ತಿಳಿಯಾಗುತ್ತದೆ, ಆದ್ದರಿಂದ ಮೂಲಬಣ್ಣಕ್ಕೆ ಸ್ವಲ್ಪ ಬಿಳಿ ಅಥವಾ ತಿಳಿಬೂದು ಬೆರೆಸಬೇಕು ಎಂಬುದು ವಾದ. ಇದನ್ನು 'ಪ್ರಮಾಣ ಪರಿಣಾಮ' ಎನ್ನುತ್ತಾರೆ. ಎಷ್ಟು ಬೆರೆಸಬೇಕೆಂಬುದರಲ್ಲಿ ಒಮ್ಮತವಿಲ್ಲ. ಕಪ್ಪನ್ನು ಅಚ್ಚಕಪ್ಪಾಗಿ, ಬಿಳಿಯನ್ನು ಅಚ್ಚಬಿಳಿಯಾಗಿ ಹಚ್ಚಬಾರದು ಎಂಬಷ್ಟನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಬಣ್ಣದ ವಿಧಗಳು

ಮಾದರಿಯ ಬಣ್ಣಗಳನ್ನು ಅವುಗಳ ದ್ರಾವಕದ ಮೇಲೆ ಮೂರಾಗಿ ವಿಂಗಡಿಸುತ್ತಾರೆ.

ಎನಾಮೆಲ್ ಎಣ್ಣೆ ಜಾತಿಯದು. ಟರ್ಪೆಂಟೈನ್ ಅಥವಾ ಮಿನರಲ್ ಸ್ಪಿರಿಟ್‌ನಲ್ಲಿ ಬೆರೆಯುತ್ತದೆ, ನಿಧಾನ ಒಣಗುತ್ತದೆ, ಕುಂಚದ ಗೆರೆ ತಾನೇ ಸಮವಾಗಲು ಸಮಯ ಸಿಗುತ್ತದೆ. ಲ್ಯಾಕರ್ ಬಣ್ಣ ಬಲವಾದ ದ್ರಾವಕದ್ದು. ಜಪಾನಿನ ಮಿಸ್ಟರ್ ಕಲರ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಪ್ಲಾಸ್ಟಿಕ್ಕಿನ ಮೈಯನ್ನು ಅತಿ ಸೂಕ್ಷ್ಮವಾಗಿ ಕಚ್ಚಿ ಹಿಡಿಯುವುದರಿಂದ ಗಟ್ಟಿಯಾಗಿಯೂ ತೆಳುವಾಗಿಯೂ ಕೂರುತ್ತದೆ, ಆದರೆ ವಾಸನೆ ಕಟು. ಅಕ್ರಿಲಿಕ್‌ನಲ್ಲಿ ಎರಡು ಬಗೆ. ಟಮಿಯಾ ಬಣ್ಣ ಆಲ್ಕೊಹಾಲಿನಲ್ಲಿಯೂ ತನ್ನದೇ ತಿನ್ನರಿನಲ್ಲಿಯೂ ತೆಳುವಾಗುತ್ತದೆ. ಸ್ಪೇನಿನ ವಯೆಹೊ ಮೊದಲಾದವು ನೀರಿನ ಜಾತಿಯವು, ಕುಂಚಕ್ಕೆ ಅನುಕೂಲ, ಆದರೆ ಪ್ರೈಮರ್ ಇಲ್ಲದೆ ಹಚ್ಚಿದರೆ ಮರೆಪಟ್ಟಿಯ (ಬಣ್ಣ ತಾಗದಂತೆ ಅಂಟಿಸುವ ಪಟ್ಟಿಯ) ಜೊತೆ ಹಾಳೆಯಂತೆ ಕಿತ್ತುಬರುತ್ತವೆ.

ಒಂದರ ಮೇಲೊಂದು ಹಚ್ಚುವಾಗ ಮೇಲಿನ ದ್ರಾವಕ ಕೆಳಗಿನ ಪದರವನ್ನು ಕರಗಿಸದಂತೆ ನೋಡಿಕೊಳ್ಳುವುದು ಮೂಲನಿಯಮ. ಲ್ಯಾಕರ್ ಒಣಗಿದ ಮೇಲೆ ಅದರ ಮೇಲೆ ಅಕ್ರಿಲಿಕ್ ಅಥವಾ ಎನಾಮೆಲ್ ಹಚ್ಚಬಹುದು. ಎನಾಮೆಲ್ ಮೇಲೆ ಲ್ಯಾಕರ್ ಒದ್ದೆಯಾಗಿ ಸಿಂಪಡಿಸಿದರೆ ಅಡಿಯ ಪದರ ಸುಕ್ಕುಗಟ್ಟುತ್ತದೆ.

ಹೊಸೂರಿನಂಥ ವಾಹನೋದ್ಯಮದ ಊರಿನಲ್ಲಿ ಕಾರು, ಲಾರಿಗಳ ಡೆಂಟಿಂಗ್-ಪೇಂಟಿಂಗ್ ಕೆಲಸಕ್ಕೆ ಬೇಕಾದ ಸಾಮಾನು ಸುಲಭವಾಗಿ ಸಿಗುತ್ತದೆ. ಅದರಲ್ಲಿ ಮಾದರಿಗೆ ಒಗ್ಗುವುದು ಕೆಲವು ಮಾತ್ರ. ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್, ಮರೆಪಟ್ಟಿ ಉಪಯೋಗಕ್ಕೆ ಬರುತ್ತವೆ. ವಾಹನದ ತಿನ್ನರನ್ನು ನೇರವಾಗಿ ಪಾಲಿಸ್ಟೈರೀನ್ ಮೇಲೆ ಸುರಿದರೆ ಫಲಕರೇಖೆಗಳು ಕರಗಿ ಮೈ ಮೆತ್ತಗಾಗುತ್ತದೆ. ಅದು ಏರ್‌ಬ್ರಶ್ ತೊಳೆಯಲು ಮಾತ್ರ ಯೋಗ್ಯ.

ಬಣ್ಣವನ್ನು ಹೆಸರಿಗಿಂತ ಸಂಖ್ಯೆಯಿಂದ ಗುರುತಿಸುವುದು ಖಚಿತ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595 ಪದ್ಧತಿಯಲ್ಲಿ ಐದಂಕಿಯ ಸಂಖ್ಯೆಯ ಮೊದಲ ಅಂಕಿ ಹೊಳಪನ್ನು ಹೇಳುತ್ತದೆ: 1 ಎಂದರೆ ಹೊಳಪು, 2 ಅರೆಹೊಳಪು, 3 ಮಂಕು. ಬ್ರಿಟಿಷ್ ಮೂಲದ ವಿಮಾನಗಳಿಗೆ ಬಿಎಸ್ 381ಸಿ ಪಟ್ಟಿ. ಅದರ 638 ಕಡುಗಡಲಬೂದು, 641 ಕಡುಹಸಿರು.

ಉಪಕರಣಗಳು

ಏರ್‌ಬ್ರಶ್‌ನ ಮೂತಿಯೊಳಗೆ ಸೂಜಿಯೊಂದು ಕೂತಿರುತ್ತದೆ. ಮೂತಿಯ ರಂಧ್ರ ಸಾಮಾನ್ಯವಾಗಿ 0.2ರಿಂದ 0.5 ಮಿ.ಮೀ. ಗುಂಡಿಯನ್ನು ಕೆಳಗೊತ್ತಿದರೆ ಗಾಳಿ, ಹಿಂದೆಳೆದರೆ ಬಣ್ಣ ಬರುವುದು ಇಬ್ಬಗೆ ಚಲನೆಯ ಏರ್‌ಬ್ರಶ್. ಕ್ಯಾಮಫ್ಲಾಜಿನ ತೆಳು ಗಡಿಗಳಿಗೆ ಇದೇ ಬೇಕು. ಬಣ್ಣದ ಬಟ್ಟಲು ಮೇಲಿದ್ದರೆ ಕಡಿಮೆ ಒತ್ತಡದಲ್ಲಿಯೂ ಬಣ್ಣ ತಾನೇ ಇಳಿಯುತ್ತದೆ. ಒತ್ತಡ ಸಾಮಾನ್ಯವಾಗಿ 15ರಿಂದ 20 ಪಿಎಸ್‌ಐ. ಬಣ್ಣ ನೀರುಹಾಲಿನ ಹದಕ್ಕೆ ಬರಬೇಕು. ಬಟ್ಟಲಿನ ಗೋಡೆಗೆ ಹಚ್ಚಿದರೆ ತೆಳು ಪರದೆಯಾಗಿ ಇಳಿದು ಹಿಂದೆ ಬಣ್ಣದ ಛಾಯೆ ಉಳಿಯುವುದು ಅದರ ಪರೀಕ್ಷೆ. ಕಂಪ್ರೆಸರಿಗೆ ಗಾಳಿತೊಟ್ಟಿಯೂ ತೇವ ಹಿಡಿಯುವ ಸೋಸುಕವೂ ಇರಬೇಕು, ಇಲ್ಲವಾದರೆ ಒತ್ತಡ ತೊನೆದಾಡುತ್ತದೆ, ಮಳೆಗಾಲದಲ್ಲಿ ನೀರಹನಿ ನೇರವಾಗಿ ರೆಕ್ಕೆಯ ಮೇಲೆ ಬೀಳುತ್ತದೆ.

ಏರ್‌ಬ್ರಶ್ ಇಲ್ಲದೆಯೂ ಒಳ್ಳೆಯ ಮಾದರಿ ಮಾಡಬಹುದು. ತೆಳು ಬಣ್ಣವನ್ನು ಅಗಲ ಕುಂಚದಲ್ಲಿ ಮೂರು ನಾಲ್ಕು ಸಲ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ, ಪ್ರತಿ ಪದರ ಪೂರ್ತಿ ಒಣಗಿಸಿ ಹಚ್ಚುವುದು ಅದರ ಕ್ರಮ. ಕಾಕ್‌ಪಿಟ್ಟಿನ ಗುಂಡಿಗಳು, ಟೈರು, ದೀಪಗಳಿಗೆ ಯಾವ ಮಾದರಿಯಲ್ಲಾದರೂ ಕುಂಚವೇ ಗತಿ.

ಮೈ ಹದಗೊಳಿಸುವುದು

ಅಚ್ಚಿನಿಂದ ಭಾಗ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡು ಭಾಗಗಳ ಮೇಲೆ ಉಳಿದಿರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು ಒಣಗಿಸುವುದು ಮೊದಲ ಕೆಲಸ. ಕಾಕ್‌ಪಿಟ್ ಒಡಲಿನೊಳಗೆ ಸೇರಿಹೋಗುವುದರಿಂದ ಅದರ ಬಣ್ಣ ಜೋಡಣೆಗೆ ಮೊದಲೇ ಮುಗಿಯಬೇಕು. ಮಿಗ್-21ರಂಥ ಸೋವಿಯತ್ ವಿಮಾನಗಳ ಕಾಕ್‌ಪಿಟ್ ನೀಲಿಹಸಿರು, ಚಕ್ರದ ಬಟ್ಟಲುಗಳು ಎದ್ದು ಕಾಣುವ ಹಸಿರು. ಬ್ರಿಟಿಷ್ ಮೂಲದವಲ್ಲಿ ಕಪ್ಪು ಅಥವಾ ಕಡುಬೂದು.

ಪಾಲಿಸ್ಟೈರೀನ್ ಸಿಮೆಂಟ್ ಎರಡೂ ಅಂಚನ್ನು ಕರಗಿಸಿ ಬೆಸೆಯುತ್ತದೆ. ತುಸು ಒತ್ತಿ ಹಿಡಿದರೆ ಕರಗಿದ ಪ್ಲಾಸ್ಟಿಕ್ ಮಣಿಯಂತೆ ಮೇಲೆ ಉಕ್ಕುತ್ತದೆ. ಒಣಗಿದ ಮೇಲೆ ಅದನ್ನು ಉಜ್ಜಿದರೆ ಸಂದು ಪುಟ್ಟಿಯಿಲ್ಲದೆಯೇ ಮಾಯ. ಉಳಿದ ಸಂದುಗಳಿಗೆ ಪುಟ್ಟಿ. ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವಾದ ಕ್ಯಾನಪಿಗೆ ಮಾತ್ರ ಫೆವಿಕ್ವಿಕ್ ಜಾತಿಯ ಅಂಟು ಕೂಡದು. ಅದರ ಹಬೆ ಗಾಜಿನಂಥ ಪ್ಲಾಸ್ಟಿಕ್ಕನ್ನು ಮಂಜು ಕವಿದಂತೆ ಮಾಡುತ್ತದೆ. ಅಲ್ಲಿ ಫೆವಿಕಾಲ್ ಜಾತಿಯ ಬಿಳಿ ಅಂಟು ಸಾಕು. ಹೆಚ್ಚಾದುದನ್ನು ಒದ್ದೆಬಟ್ಟೆಯಲ್ಲಿ ಒರೆಸಬಹುದು, ಒಣಗಿದರೆ ಕಾಣುವುದೂ ಇಲ್ಲ.

ಉಜ್ಜಲು ಉಪ್ಪುಕಾಗದವನ್ನು 400ರಿಂದ ಶುರುಮಾಡಿ 600, 1000, 2000ಕ್ಕೆ ಏರುತ್ತಾರೆ, ನೀರು ಹಾಕಿ ಉಜ್ಜುತ್ತಾರೆ. ಉಜ್ಜಿದಾಗ ಅಳಿಸಿಹೋದ ಫಲಕರೇಖೆಯನ್ನು ಗಟ್ಟಿ ಪಟ್ಟಿಯೊಂದನ್ನು ಆನಿಕೆಯಾಗಿಟ್ಟು ಸೂಜಿಯಿಂದ ಮತ್ತೆ ಗೀರಬೇಕು. ಮರುತ್‌ನ ಕಿಟ್‌ಗಳಲ್ಲಿ ಈ ಕೆಲಸ ಹೆಚ್ಚು. ಟಮಿಯಾ, ಹಸೆಗಾವಾ, ಏರ್‌ಫಿಕ್ಸ್‌ನಂಥ ದೊಡ್ಡ ತಯಾರಕರ ಪಟ್ಟಿಯಲ್ಲಿ ಮರುತ್ ಇಲ್ಲದ ಕಾರಣ ಸಣ್ಣ ತಯಾರಕರ ಒರಟು ಕಿಟ್‌ಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅದರ ಒಡಲಿನ ಎರಡು ಪಕ್ಕದ ಗಾಳಿಬಾಯಿಗಳು, ಹಿಂದೆ ಅಕ್ಕಪಕ್ಕ ಕೂತ ಎರಡು ಆರ್ಫಿಯಸ್ ಎಂಜಿನ್ನುಗಳ ಹೊರಬಾಯಿಗಳು ಉಜ್ಜುವ ಕೈಗೆ ಸುಲಭವಾಗಿ ಸಿಗದ ಜಾಗಗಳು. ಕಾಗದವನ್ನು ಹಲ್ಲುಕಡ್ಡಿಗೆ ಸುತ್ತಿ ಒಳಗೆ ತಿರುಗಿಸುತ್ತಾ ಹೋಗಬೇಕು.

ಕೊನೆಗೆ ಬೂದುಬಣ್ಣದ ಪ್ರೈಮರ್. ಇದು ಬಣ್ಣಕ್ಕೆ ಹಿಡಿತ ಕೊಡುತ್ತದೆ, ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಮತ್ತು ಪುಟ್ಟಿಯನ್ನು ಒಂದೇ ಬಣ್ಣಕ್ಕೆ ತರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬರಿಗಣ್ಣಿಗೆ ಕಾಣದ ಗೀರುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಪ್ರೈಮರ್ ಮೇಲೆ ಕಂಡ ದೋಷವನ್ನು ಬಣ್ಣ ಮುಚ್ಚೀತು ಎಂದು ಬಿಟ್ಟರೆ ಕೊನೆಯ ಲೇಪದವರೆಗೂ ಅದು ಉಳಿಯುತ್ತದೆ.

ಬಣ್ಣ ಹಚ್ಚುವ ಕ್ರಮ

ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಕೆಳಮೈ ಮೊದಲು, ಮೇಲ್ಮೈ ಆಮೇಲೆ. ಕೆಲವರು ಪ್ರೈಮರ್ ಮೇಲೆ ಫಲಕರೇಖೆಗಳುದ್ದಕ್ಕೂ ಕಪ್ಪು ಸಿಂಪಡಿಸಿ, ಅದರ ಮೇಲೆ ಮುಖ್ಯ ಬಣ್ಣವನ್ನು ತೆಳುವಾಗಿ ಹಾಯಿಸುತ್ತಾರೆ. ಅಡಿಯ ಕಪ್ಪು ನಸುವಾಗಿ ಮಿನುಗಿ ಫಲಕಗಳು ಬೇರೆಬೇರೆಯಾಗಿ ಕಾಣುತ್ತವೆ. ಎಲ್ಲ ರೇಖೆಗಳಿಗೂ ಒಂದೇ ಸಮ ಮಾಡಿದರೆ ವಿಮಾನ ಚೌಕಳಿ ಬಟ್ಟೆಯಂತಾಗುತ್ತದೆ. ಕಪ್ಪು, ಬಿಳಿ, ಕಂದಿನ ಚುಕ್ಕೆಗಳನ್ನು ಅಡ್ಡಾದಿಡ್ಡಿಯಾಗಿ ಹರಡಿ ಮೇಲೆ ಬಣ್ಣ ಹಾಯಿಸುವ ಪದ್ಧತಿ ಬಿಸಿಲಲ್ಲಿ ಮಾಸಿದ ಮೈಗೆ ಹೆಚ್ಚು ಹೊಂದುತ್ತದೆ.

ಎರಡು ಬಣ್ಣದ ಗಡಿ ಗಟ್ಟಿಯೋ ಮೆದುವೋ ಎಂಬುದನ್ನು ನಿಜವಿಮಾನ ನೋಡಿ ತೀರ್ಮಾನಿಸಬೇಕು. ಗಟ್ಟಿ ಗಡಿಗೆ ಮರೆಪಟ್ಟಿಯನ್ನು ಮೈಗೆ ಒತ್ತಿ ಅಂಟಿಸುತ್ತಾರೆ. ಮೆದು ಗಡಿಗೆ ಬಿಳಿ ಅಂಟುಮಣ್ಣನ್ನು ಹುರಿಹೊಸೆದು ಗಡಿಯುದ್ದಕ್ಕೂ ಇಟ್ಟು ಮೇಲಿನಿಂದ ನೇರವಾಗಿ ಸಿಂಪಡಿಸುತ್ತಾರೆ. ಹುರಿಯ ದುಂಡು ಅಂಚಿನಡಿ ಬಣ್ಣ ತುಸು ನುಸುಳಿ ಗಡಿ ತಾನೇ ಮೆದುವಾಗುತ್ತದೆ.

ಕ್ಯಾನಪಿಯ ಚೌಕಟ್ಟು ಪ್ರತ್ಯೇಕ ಶ್ರಮ ಬೇಡುವ ಭಾಗ. ಸಣ್ಣಗೆ ಕತ್ತರಿಸಿದ ಮರೆಪಟ್ಟಿಯನ್ನು ಗಾಜಿನ ಭಾಗಕ್ಕೆ ಅಂಟಿಸಿ, ಮೊದಲು ಒಳಬಣ್ಣವಾದ ಕಪ್ಪನ್ನು, ಅದರ ಮೇಲೆ ಹೊರಬಣ್ಣವನ್ನು ಸಿಂಪಡಿಸುತ್ತಾರೆ. ಪಟ್ಟಿ ಕಿತ್ತ ಮೇಲೆ ಒಳಗಿನಿಂದ ನೋಡಿದರೆ ಚೌಕಟ್ಟು ಕಪ್ಪಾಗಿಯೇ ಕಾಣುತ್ತದೆ.

ಬರಿಲೋಹದ ಮೈ ಎಲ್ಲಕ್ಕಿಂತ ಕಠಿಣ. ಹೊಳಪು ಕಪ್ಪನ್ನು ಕನ್ನಡಿಯಂತೆ ಹಚ್ಚಿ, ಅದರ ಮೇಲೆ ಲೋಹವರ್ಣದ ಲ್ಯಾಕರನ್ನು ತೀರಾ ತೆಳುವಾಗಿ ಸಿಂಪಡಿಸುವುದು ಇಂದಿನ ವಾಡಿಕೆ. ಅಕ್ಕಪಕ್ಕದ ಫಲಕಗಳಿಗೆ ಬೇರೆ ಬೇರೆ ಛಾಯೆ ಕೊಟ್ಟರೆ ಹಾಳೆಹಾಳೆಯಾಗಿ ಕಟ್ಟಿದ ಲೋಹವೆಂಬ ಭಾವ ಬರುತ್ತದೆ. ಅಡಿಯ ಒಂದು ಧೂಳಿನ ಕಣವೂ ಇಲ್ಲಿ ಗುಡ್ಡವಾಗಿ ಕಾಣುತ್ತದೆ.

ಭಾರತೀಯ ವಾಯುಪಡೆಯ ಬಣ್ಣವಿನ್ಯಾಸಗಳು

ಮರುತ್ ವಿಮಾನಗಳು ಮೊದಲ ವರ್ಷಗಳಲ್ಲಿ ಲೋಹದ ಬಣ್ಣದಲ್ಲಿದ್ದವು, ಮುಂದೆ ಹಸಿರು-ಕಂದು ಕ್ಯಾಮಫ್ಲಾಜ್ ಪಡೆದವು. 10, 31 ಮತ್ತು 220ನೆಯ ಸ್ಕ್ವಾಡ್ರನ್‌ಗಳಲ್ಲಿ ಸೇವೆ ಸಲ್ಲಿಸಿದ ಈ ವಿಮಾನ 1971ರಲ್ಲಿ ರಾಜಸ್ಥಾನ ವಲಯದಲ್ಲಿ ಕಾದಿತು. ಅದರ ಹಲವು ಸರಣಿ ಸಂಖ್ಯೆಗಳು 'ಬಿಡಿ' ಅಕ್ಷರಗಳಿಂದ ಶುರುವಾಗುತ್ತವೆ. ಬೆಂಗಳೂರಿನಲ್ಲಿಯೇ ತಯಾರಾಗುತ್ತಿದ್ದ ನ್ಯಾಟ್, ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋಂ ಅವರ ವಿಮಾನವಾಗಿ ಮಾದರಿಕಾರರಿಗೆ ಆಪ್ತ. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಮಡಿದ ಅವರು ಪರಮವೀರಚಕ್ರ ಪಡೆದ ಏಕೈಕ ವಾಯುಯೋಧರು.

ಮಿಗ್-21 ವಾಯುಪಡೆಗೆ 1963ರಲ್ಲಿ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತವಾಯಿತು. ಅರವತ್ತು ವರ್ಷಕ್ಕೂ ಮೀರಿದ ಸೇವೆಯಲ್ಲಿ ಬರಿಲೋಹದಿಂದ ಹಿಡಿದು 1971ರ ಯುದ್ಧಕಾಲದಲ್ಲಿ ತರಾತುರಿಯಲ್ಲಿ ಬಳಿದ ಕ್ಯಾಮಫ್ಲಾಜ್, ಕೊನೆಯ 'ಬೈಸನ್' ಆವೃತ್ತಿಯ ಬೂದುಬಣ್ಣದವರೆಗೆ ಅದು ಹೊತ್ತಷ್ಟು ಬಣ್ಣಗಳನ್ನು ಬೇರೆ ಯಾವ ಭಾರತೀಯ ಯುದ್ಧವಿಮಾನವೂ ಹೊತ್ತಿಲ್ಲ. ಯುದ್ಧಕಾಲದಲ್ಲಿ ಕೈಯಲ್ಲಿ ಬಳಿದ ಬಣ್ಣ ಒಂದು ವಿಮಾನದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಮಾದರಿ ಮಾಡುವವರು ಒಂದು ನಿರ್ದಿಷ್ಟ ಸಂಖ್ಯೆಯ ವಿಮಾನದ ಎರಡೂ ಪಕ್ಕದ ಫೋಟೋ ಹುಡುಕುತ್ತಾರೆ. ಜಾಗ್ವಾರ್‌ಗೆ ಕಡುಹಸಿರು ಮತ್ತು ಕಡುಗಡಲಬೂದು. ತೇಜಸ್‌ಗೆ ಬೂದುಬಣ್ಣದ ಎರಡು ಛಾಯೆ. ಅದರ ಸರಣಿ ಸಂಖ್ಯೆಗಳು ಎಲ್ಎ-5001ರಿಂದ ಆರಂಭ. 2016ರ ಜುಲೈ 1ರಂದು ಬೆಂಗಳೂರಿನಲ್ಲಿ ತೇಜಸ್ ಪಡೆದ 45ನೆಯ ಸ್ಕ್ವಾಡ್ರನ್ ಆಮೇಲೆ ಕೊಯಮತ್ತೂರು ಬಳಿಯ ಸೂಲೂರಿಗೆ ಹೋಯಿತು.

ಬೀದರಿನಲ್ಲಿ 1996ರಲ್ಲಿ ಕಟ್ಟಿದ ಸೂರ್ಯಕಿರಣ ತಂಡದ ಕೆಂಪು-ಬಿಳಿ ವಿಮಾನಗಳು ಯುದ್ಧವಿಮಾನಗಳಲ್ಲ, ತರಬೇತಿಯ ಕಿರಣ್ ಮತ್ತು ಈಗಿನ ಹಾಕ್. ಆದರೂ ಮಾದರಿಕಾರನ ಕೈಪಳಗುವುದು ಇವುಗಳಲ್ಲಿ. ಕೆಂಪು ಮತ್ತು ಬಿಳಿ ಎರಡೂ ಅಡಿಬಣ್ಣವನ್ನು ಮುಚ್ಚಲಾರದ ದುರ್ಬಲ ಬಣ್ಣಗಳು. ಬೂದು ಪ್ರೈಮರ್ ಬಿಟ್ಟು ಬಿಳಿ ಪ್ರೈಮರ್ ಹಚ್ಚಿ, ಕೆಂಪಿನಡಿ ತಿಳಿಗುಲಾಬಿ ಕೊಟ್ಟರೆ ಬಣ್ಣ ಬೇಗ ತುಂಬಿಕೊಳ್ಳುತ್ತದೆ.

ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಸ್ವಾತಂತ್ರ್ಯದಿಂದ 1950ರ ಜನವರಿ 26ರವರೆಗೆ ಅದರ ಜಾಗದಲ್ಲಿ ಅಶೋಕಚಕ್ರವಿತ್ತು. ಜೆಟ್ ಮಾದರಿಗಳಲ್ಲಿ ಅಶೋಕಚಕ್ರ ಬರಬಹುದಾದುದು ವ್ಯಾಂಪೈರ್‌ನ ಮೊದಲ ದಿನಗಳಿಗೆ ಮಾತ್ರ.

ಡೆಕಾಲ್ ಕೂರಿಸುವುದು

ಡೆಕಾಲ್ ಒರಟು ಮೈಮೇಲೆ ಕೂರುವುದಿಲ್ಲ. ಮಂಕುಬಣ್ಣ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುತ್ತದೆ. ಆ ತರಿಗಳ ನಡುವೆ ಗಾಳಿ ಸಿಕ್ಕಿಕೊಂಡು ಡೆಕಾಲ್‌ನ ಪಾರದರ್ಶಕ ಅಂಚು ಬೆಳ್ಳಿಯಂತೆ ಹೊಳೆಯುತ್ತದೆ. ಆದ್ದರಿಂದ ಮೊದಲು ಹೊಳಪು ಲೇಪ. ಡೆಕಾಲನ್ನು ಇಪ್ಪತ್ತು ಮೂವತ್ತು ಸೆಕೆಂಡು ಬೆಚ್ಚಗಿನ ನೀರಲ್ಲಿ ನೆನೆಸಿ, ಹೊರಗೆ ಒಂದು ನಿಮಿಷ ಬಿಟ್ಟು, ಒದ್ದೆ ಮಾಡಿದ ಮೈಮೇಲೆ ಕಾಗದದಿಂದ ಕುಂಚದ ತುದಿಯಲ್ಲಿ ಜಾರಿಸುತ್ತಾರೆ. ಜಾಗಕ್ಕೆ ಬಂದ ಮೇಲೆ ನಡುವಿನಿಂದ ಅಂಚಿಗೆ ನೀರನ್ನು ಒತ್ತಿ ತೆಗೆದು, ಮೆದುಗೊಳಿಸುವ ದ್ರಾವಣ ಸವರುತ್ತಾರೆ. ದ್ರಾವಣ ತಾಗಿದ ಕೂಡಲೇ ಡೆಕಾಲ್ ಸುಕ್ಕುಗಟ್ಟುತ್ತದೆ. ಹೊಸಬರು ಗಾಬರಿಯಾಗಿ ಬೆರಳಿಡುವುದು ಆಗಲೇ, ಡೆಕಾಲ್ ಹರಿಯುವುದೂ ಆಗಲೇ. ಮುಟ್ಟದೆ ಬಿಟ್ಟರೆ ಅದು ಒಣಗುತ್ತಾ ತಾನೇ ಬಿಗಿದು ಫಲಕರೇಖೆಯೊಳಕ್ಕೂ ಇಳಿಯುತ್ತದೆ, ಬಳಿದ ಬಣ್ಣದಂತೆಯೇ ಕಾಣುತ್ತದೆ.

ನಿಜವಿಮಾನದ ಮೇಲೆ 25 ಮಿ.ಮೀ. ಎತ್ತರವಿರುವ ಸೂಚನಾಕ್ಷರ 1/72ರಲ್ಲಿ 0.35 ಮಿ.ಮೀ. ಇಂಥ ಹತ್ತಾರು ಬರಹಗಳನ್ನು ಭೂತಗನ್ನಡಿಯಡಿ ಒಂದೊಂದಾಗಿ ಕೂರಿಸಬೇಕು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದು ಹಳದಿಯಾದ ಡೆಕಾಲ್ ಹಾಳೆಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರೆ ಕೆಲವು ದಿನಗಳಲ್ಲಿ ಹಳದಿ ತಿಳಿಯಾಗುತ್ತದೆ.

ಸವಕಳಿಯ ಕುರುಹು ಮತ್ತು ಕೊನೆಯ ಲೇಪ

ಡೆಕಾಲ್ ಮೇಲೆ ಮತ್ತೊಂದು ಲೇಪ ಕೊಟ್ಟು ಕಾಪಾಡಿದ ಮೇಲೆ ಫಲಕರೇಖೆಗೆ ಬಣ್ಣದ ನೀರು ಹಾಯಿಸುತ್ತಾರೆ. ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೀರಾ ತೆಳುಮಾಡಿ ಕುಂಚದ ತುದಿಯನ್ನು ರೇಖೆಗೆ ಮುಟ್ಟಿಸಿದರೆ ಅದು ಗೆರೆಗುಂಟ ತಾನೇ ಹರಿಯುತ್ತದೆ. ಅರೆಒಣಗಿದಾಗ ಹೆಚ್ಚಾದುದನ್ನು ಗಾಳಿ ಹರಿಯುವ ದಿಕ್ಕಿನಲ್ಲಿ, ಅಂದರೆ ಮೂತಿಯಿಂದ ಬಾಲದ ಕಡೆಗೆ, ಒರೆಸುತ್ತಾರೆ. ಬಿಳಿ ಅಥವಾ ತಿಳಿಬೂದು ಮೈಗೆ ಕಪ್ಪು ನೀರು ಹೊಂದದು. ಮೂಲಬಣ್ಣದ ಗಾಢ ಛಾಯೆ ಸಾಕು.

ವಿಮಾನ ಎಲ್ಲ ಕಡೆಯೂ ಒಂದೇ ಸಮ ಮಾಸುವುದಿಲ್ಲ. ತಂತ್ರಜ್ಞರು ಹತ್ತಿ ಇಳಿಯುವ ಜಾಗ, ಪದೇಪದೇ ತೆರೆಯುವ ಬಾಗಿಲುಗಳ ಸುತ್ತ, ಗನ್ನಿನ ಬಾಯಿಯ ಹಿಂದೆ, ಎಂಜಿನ್ನಿನ ಹೊರಬಾಯಿಯ ಅಂಚಿನಲ್ಲಿ ಕುರುಹು ಹೆಚ್ಚು. ಕಾದು ತಣಿದ ಲೋಹಕ್ಕೆ ನೀಲಿ, ನೇರಳೆ, ಒಣಹುಲ್ಲಿನ ಬಣ್ಣದ ಪಾರದರ್ಶಕ ಪದರಗಳನ್ನು ಕೊಡುತ್ತಾರೆ. ಆಮೇಲೆ ಮಂಕು ಅಥವಾ ಅರೆಮಂಕು ಲೇಪ. ಅದರಿಂದ ಡೆಕಾಲ್, ಬಣ್ಣ, ಕೊಳೆ ಎಲ್ಲ ಒಂದೇ ಮೈಯಾಗಿ ಸೇರುತ್ತವೆ. ಕ್ಯಾನಪಿಯ ಮರೆ ಕೀಳುವುದು, ಮೂತಿಯ ಪಿಟೋ ಕೊಳವೆ, ದೀಪ, ಆಂಟೆನಾ, ಕ್ಷಿಪಣಿ ಕೂರಿಸುವುದು ಕಟ್ಟಕಡೆಗೆ. ಮೊದಲೇ ಕೂರಿಸಿದರೆ ಮುರಿಯುತ್ತವೆ.

ಹವೆ ಮತ್ತು ದೋಷಗಳು

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀ. ಎತ್ತರದ ತಂಪು ಊರು. ಕೃಷ್ಣಗಿರಿ ಪಟ್ಟಣ ಅದಕ್ಕಿಂತ ಬಹಳ ತಗ್ಗು, ಬಿಸಿಯೂ ಹೆಚ್ಚು. ಒಂದೇ ಜಿಲ್ಲೆಯ ಎರಡು ಊರುಗಳಲ್ಲಿ ಒಂದೇ ಬಣ್ಣ ಬೇರೆಯಾಗಿ ವರ್ತಿಸುತ್ತದೆ. ಬೇಸಿಗೆಯ ಒಣಹವೆಯಲ್ಲಿ ಅಕ್ರಿಲಿಕ್ ಬಣ್ಣ ಏರ್‌ಬ್ರಶ್‌ನ ಸೂಜಿತುದಿಯಲ್ಲಿಯೇ ಒಣಗಿ ಕಟ್ಟಿಕೊಳ್ಳುತ್ತದೆ. ಒಣಗುವುದನ್ನು ತಡಮಾಡುವ ದ್ರವದ ಕೆಲವು ಹನಿ ಅದಕ್ಕೆ ಮದ್ದು. ಬಣ್ಣ ಗಾಳಿಯಲ್ಲಿಯೇ ಒಣಗಿ ಪುಡಿಯಾಗಿ ಬಿದ್ದರೆ ಮೈ ಉಪ್ಪುಕಾಗದದಂತಾಗುತ್ತದೆ. ಹಿಂಗಾರಿನ ತೇವದ ದಿನಗಳಲ್ಲಿ ತೊಂದರೆ ಬೇರೆ. ಲ್ಯಾಕರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರೊಳಗೆ ಸೇರುತ್ತದೆ, ಹೊಳಪು ಲೇಪ ಹಾಲು ಚೆಲ್ಲಿದಂತೆ ಬಿಳಿಚುತ್ತದೆ. ನಿಧಾನ ಆರುವ ತಿನ್ನರನ್ನು ಮತ್ತೊಮ್ಮೆ ತೆಳುವಾಗಿ ಹಾಯಿಸಿದರೆ ಅನೇಕ ಸಲ ಸರಿಹೋಗುತ್ತದೆ.

ಸುರಕ್ಷತೆ

ಸಿಂಪಡಿಸುವಾಗ ಕಿಟಕಿ ತೆರೆದು, ಗಾಳಿ ಹೊರಗೆಳೆಯುವ ಫ್ಯಾನ್ ಇರಬೇಕು. ಸಾಮಾನ್ಯ ಎನ್95 ಮುಖಗವಸು ಬಣ್ಣದ ಕಣಗಳನ್ನು ತಡೆಯುತ್ತದೆಯೇ ಹೊರತು ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಸೋಸುಕವಿರುವ ಗವಸು ಬೇಕು. ಲ್ಯಾಕರ್ ಮತ್ತು ತಿನ್ನರ್ ಬೆಂಕಿಗೆ ಬೇಗ ತುತ್ತಾಗುವುದರಿಂದ ಅಡುಗೆಮನೆಯಲ್ಲಾಗಲಿ ದೇವರ ದೀಪದ ಹತ್ತಿರವಾಗಲಿ ಈ ಕೆಲಸ ಸಲ್ಲದು. ಮಕ್ಕಳು ನೀರಿನ ಜಾತಿಯ ಅಕ್ರಿಲಿಕ್ ಮತ್ತು ಕುಂಚದಿಂದ ಶುರುಮಾಡುವುದು ಒಳ್ಳೆಯದು.

ಉಪಯೋಗ

ಬಹುಪಾಲು ಇದು ಮನೆಯ ಹವ್ಯಾಸ. ಅದರಾಚೆಗೆ ವಿಮಾನ ಸಂಸ್ಥೆಗಳ ಪ್ರದರ್ಶನ ಮಾದರಿಗಳು, ವಸ್ತುಸಂಗ್ರಹಾಲಯದ ದೃಶ್ಯಫಲಕಗಳು, ನಿವೃತ್ತ ವಾಯುಯೋಧರಿಗೆ ಅವರು ಹಾರಿಸಿದ ವಿಮಾನದ ನೆನಪಿನ ಕಾಣಿಕೆಗಳು ಇದೇ ಕೌಶಲ ಬೇಡುತ್ತವೆ. ಗಾಳಿಸುರಂಗದಲ್ಲಿ ಪರೀಕ್ಷಿಸುವ ಮಾದರಿಗಳು ಬೇರೆಯೇ ಜಾತಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 1.2 ಮೀ. ಸುರಂಗದಂಥ ಕಡೆ ಶಬ್ದವೇಗ ಮೀರಿದ ಗಾಳಿಯನ್ನು ತಾಳಬೇಕಾದ ಮಾದರಿಗಳನ್ನು ಲೋಹದಲ್ಲಿ ಮಾಡುತ್ತಾರೆ, ಅವುಗಳಲ್ಲಿ ಬಣ್ಣದ ಅಂದಕ್ಕೆ ಸ್ಥಾನವಿಲ್ಲ.

ಒಂದು ಉಪಯೋಗವನ್ನು ಕಡೆಗಣಿಸಬಾರದು. ಮರುತ್ 147 ತಯಾರಾದವು, 1990ರ ಹೊತ್ತಿಗೆ ಎಲ್ಲವೂ ನಿವೃತ್ತವಾದವು, ಉಳಿದಿರುವುದು ಕೆಲವು ಮಾತ್ರ. ಒಂದು ವಿಮಾನ ಒಂದು ವರ್ಷದಲ್ಲಿ ಹೇಗಿತ್ತೋ ಹಾಗೆ ಎಲ್ಲ ಬದಿಯಿಂದಲೂ ತೋರಿಸಬಲ್ಲದ್ದು, ಫೋಟೋಗಳನ್ನು ಹೋಲಿಸಿ ನಿಷ್ಠೆಯಿಂದ ಬಣ್ಣ ಹಚ್ಚಿದ ಮಾದರಿ.

ಇಂದಿನ ಸ್ಥಿತಿ

ಆಮದು ನಿರ್ಬಂಧಗಳಿದ್ದ ಕಾಲದಲ್ಲಿ ಭಾರತದಲ್ಲಿ ಕಿಟ್ ಮತ್ತು ಬಣ್ಣ ಅಪರೂಪ, ವಿದೇಶದಿಂದ ಬರುವ ನೆಂಟರು ತಂದುಕೊಟ್ಟರೆ ಉಂಟು. 1991ರ ಆರ್ಥಿಕ ಉದಾರೀಕರಣದ ನಂತರ, ಅದಕ್ಕಿಂತ ಹೆಚ್ಚಾಗಿ ಅಂಚೆಯಲ್ಲಿ ತರಿಸುವ ಮಾರಾಟ ಬೆಳೆದ ಮೇಲೆ, ಹೊಸೂರಿನಲ್ಲಿರುವವರೂ ಬೆಂಗಳೂರಿಗೆ ಹೋಗದೆಯೇ ಟಮಿಯಾ, ವಯೆಹೊ ಬಣ್ಣಗಳನ್ನು ಮನೆಬಾಗಿಲಿಗೆ ತರಿಸಿಕೊಳ್ಳಬಹುದು. ದ್ರಾವಕ ಆಧಾರದ ಬಣ್ಣಗಳನ್ನು ಮಾತ್ರ ವಿಮಾನದ ಸರಕಿನಲ್ಲಿ ಸಾಗಿಸುವುದಕ್ಕೆ ಕಟ್ಟುನಿಟ್ಟಿದೆ. ಆದ್ದರಿಂದ ಲ್ಯಾಕರ್‌ಗಿಂತ ನೀರಿನ ಜಾತಿಯ ಬಣ್ಣ ಸುಲಭವಾಗಿ ಸಿಗುತ್ತದೆ.

ಮೂರು ಆಯಾಮದ ಮುದ್ರಣ ಕಿಟ್‌ಗಳಲ್ಲಿ ಇಲ್ಲದ ಆಸನ, ಎಂಜಿನ್ ಬಾಯಿ, ಚಕ್ರಗಳನ್ನು ಮನೆಯಲ್ಲಿಯೇ ತಯಾರಿಸುವಂತೆ ಮಾಡಿದೆ. ಅವುಗಳ ರಾಳದ ಮೈಮೇಲೆ ಮುದ್ರಣದ ಮೆಟ್ಟಿಲುಗೆರೆಗಳು ಉಳಿಯುವುದರಿಂದ ಪ್ರೈಮರ್ ಮತ್ತು ಉಜ್ಜುವ ಕೆಲಸ ಇನ್ನಷ್ಟು ಹೆಚ್ಚಿದೆ. ಯಂತ್ರದಲ್ಲಿ ಕತ್ತರಿಸಿದ ಮರೆಪಟ್ಟಿಗಳು ಕ್ಯಾನಪಿಯ ಕೆಲಸವನ್ನು ಹಗುರಮಾಡಿವೆ. ವೃತ್ತಚಿಹ್ನೆಗಳನ್ನೂ ಡೆಕಾಲ್ ಬಿಟ್ಟು ಇಂಥ ಮರೆಗಳ ಮೂಲಕ ನೇರವಾಗಿ ಸಿಂಪಡಿಸುವವರು ಹೆಚ್ಚುತ್ತಿದ್ದಾರೆ.

1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ಪ್ರದರ್ಶನ ಈ ಭಾಗದ ಮಾದರಿಕಾರರಿಗೆ ಬಣ್ಣಗಳನ್ನು ಹಗಲು ಬೆಳಕಿನಲ್ಲಿ ನೋಡುವ ಅವಕಾಶ. ಸಾರ್ವಜನಿಕರನ್ನು ಬಿಡುವ ದಿನಗಳಲ್ಲಿ ನಿಲ್ಲಿಸಿದ ವಿಮಾನಗಳ ಹತ್ತಿರ ಹೋಗಿ ಚಕ್ರದ ಗೂಡಿನ ಬಣ್ಣ, ಹೊರಬಾಯಿಯ ಸುಟ್ಟಗುರುತು, ಬಾಗಿಲಂಚಿನ ಸವಕಳಿಯ ಫೋಟೋ ತೆಗೆದುಕೊಳ್ಳುತ್ತಾರೆ. ಕ್ಯಾಮೆರಾ ಬೂದುಬಣ್ಣಗಳನ್ನು ಬೆಳಕಿಗೆ ತಕ್ಕಂತೆ ನೀಲಿಗೋ ಕಂದಿಗೋ ತಿರುಗಿಸುವುದರಿಂದ, ಬಣ್ಣದ ಪಟ್ಟಿಯ ಒಂದು ತುಂಡನ್ನು ಫೋಟೋದೊಳಗೆ ಬರುವಂತೆ ಹಿಡಿದು ತೆಗೆದ ಚಿತ್ರಗಳು ಮೇಜಿನ ಮುಂದೆ ಕೂತಾಗ ಹೆಚ್ಚು ನೆರವಿಗೆ ಬರುತ್ತವೆ.